ಕರಾಟೆ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಎಣಿಸಿ

(ಮುಂಬಯಿಯ ಮುಲುಂಡಿನಲ್ಲಿ ನಮ್ಮ ಕನ್ನಡದವರ ಭಾನುವಾರದ ಕೂಟದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದದ್ದು, ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಐದು ಗಂಟೆಗೆ ತಾಳಮದ್ದಳೆ ಇದೆ ಅಂತ ಗೊತ್ತು. ನೀವೆಲ್ಲ ಬಂದಿರುವುದು ಅದಕ್ಕೇ ಅಂತಲೂ ಗೊತ್ತು. ನಾನು ಬೇಗ ಮುಗಿಸುತ್ತೇನೆ. ಹಾಗಂತ ಹೇಳಿದವರು ಯಾರೂ ಬೇಗ ಮುಗಿಸಿದ್ದಿಲ್ಲ, ಆ ಮಾತು ಬೇರೆ.

ಮೊದಲು ಒಂದು ತಿದ್ದುಪಡಿ. ಬೋರ್ಡಿನಲ್ಲಿ ನನ್ನ ಹೆಸರಿನ ಕೆಳಗೆ "ಕರಾಟೆ ತಜ್ಞರು" ಅಂತ ಬರೆದಿದ್ದಾರೆ. ತಪ್ಪು. ನಾನು ಬ್ಯಾಂಕಿನವನು. 34 ವರ್ಷ ಸರ್ವಿಸು, ಅದರಲ್ಲಿ ಹೆಚ್ಚಿನ ಪಾಲು ಸಾಲದ ವಿಭಾಗದಲ್ಲಿ. ಕರಾಟೆ ಕಲಿತದ್ದು 1980ರ ದಶಕದಲ್ಲಿ ಎರಡೇ ವರ್ಷ, ಮಾಟುಂಗದ ಒಂದು ಕಟ್ಟಡದ ತಾರಸಿಯ ಮೇಲೆ. ರೂಮಿನ ಗೋಡೆಗೆ ಎಲ್ಲರೂ ಬ್ರೂಸ್ ಲೀ ಪೋಸ್ಟರ್ ಅಂಟಿಸಿಕೊಂಡಿದ್ದ ಕಾಲ ಅದು. ಹಸಿರು ಬೆಲ್ಟಿಗೆ ನಿಂತುಹೋಯಿತು. ಮದುವೆಯಾಯಿತು. ಆಮೇಲೆ ಕೈ ಎತ್ತುವ ಧೈರ್ಯ ಬರಲಿಲ್ಲ.

ಇವತ್ತು ಯಾಕೆ ಮಕ್ಕಳ ಕರಾಟೆ ಕ್ಲಾಸು, ಅದರ ಫೀಸಿನ ವಿಷಯ ಅಂದರೆ, ನಿನ್ನೆ ಬೆಳಿಗ್ಗೆ ಪೇಪರ್ ಬಿಡಿಸಿದಾಗ ಒಳಗಿನಿಂದ ನಾಲ್ಕು ಚೀಟಿ ಬಿದ್ದವು. ಒಂದು ಅಬ್ಯಾಕಸ್ಸು, ಒಂದು ಜಿರಳೆ ಔಷಧಿ, ಉಳಿದ ಎರಡು ಮಾರ್ಷಲ್ ಆರ್ಟ್ಸ್. ಮಕ್ಕಳ ಪರೀಕ್ಷೆ ಮುಗಿಯುತ್ತಾ ಬಂತು, ಇನ್ನು ಜೂನ್ ಮಧ್ಯದವರೆಗೆ ಅವು ಮನೆಯಲ್ಲಿ. ಅಪ್ಪ ಅಮ್ಮ ಲೋಕಲ್ ಹಿಡಿದು ಆಫೀಸಿಗೆ ಹೋಗುವವರು. ಅಜ್ಜ ಅಜ್ಜಿ ಸಿಗುತ್ತಾರೆ ಕೈಗೆ. ಈ ಹಾಲ್‌ನಲ್ಲಿ ಅಜ್ಜಂದಿರೇ ಜಾಸ್ತಿ ಕಾಣುತ್ತಿದ್ದಾರೆ, ಅದಕ್ಕೇ ನಿಮಗೇ ಹೇಳುತ್ತಿದ್ದೇನೆ. ಆ ಚೀಟಿ ಹಂಚುವವರಿಗೆ ನಮ್ಮಂಥವರೇ ಬೇಕು. ಪಿಂಚಣಿ ಬರುತ್ತದೆ, ಮೊಮ್ಮಗಳು ಕೇಳಿದರೆ ಇಲ್ಲ ಅನ್ನುವುದಿಲ್ಲ, ಕನ್ನಡಕ ಮನೆಯಲ್ಲಿ ಮರೆತು ಬಂದಿರುತ್ತೇವೆ.

ಕನ್ನಡಕದ ವಿಷಯ ನೆನಪಿಟ್ಟುಕೊಳ್ಳಿ. ಅದು ಕಥೆಯಲ್ಲಿ ಬರುತ್ತದೆ.

ಎರಡು ವರ್ಷದ ಹಿಂದಿನ ಏಪ್ರಿಲ್. ನನ್ನ ಮಗಳ ಮನೆ ಠಾಣೆಯ ಘೋಡ್‌ಬಂದರ್ ರೋಡಿನಲ್ಲಿ. ಮೊಮ್ಮಗಳಿಗೆ ಆಗ ಒಂಬತ್ತು. "ಅಜ್ಜ, ಒಂದು ಫ್ರೀ ಕ್ಲಾಸ್ ಇದೆ, ಕರೆದುಕೊಂಡು ಹೋಗ್ತೀಯಾ" ಅಂದಳು. ಹೋದೆವು. ಒಂದು ಮಾಲ್‌ನ ಎರಡನೇ ಮಹಡಿ. ಗಾಜಿನ ಬಾಗಿಲು, ಎಸಿ, ಗೋಡೆ ತುಂಬ ಟ್ರೋಫಿಗಳು. ನಮ್ಮ ತಾರಸಿಯಲ್ಲಿ ನೀರಿನ ಟ್ಯಾಂಕಿನ ಸೋರುವ ನಲ್ಲಿ ಬಿಟ್ಟರೆ ಬೇರೇನೂ ಇರಲಿಲ್ಲ. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು ಅಂತಲೇ ಹೇಳಬೇಕು.

ಕಲಿಸುತ್ತಿದ್ದ ಹುಡುಗಿ ಮಣಿಪುರದವಳು. ನಿಜವಾಗಿಯೂ ಚೆನ್ನಾಗಿ ಕಲಿಸುತ್ತಿದ್ದಳು. ಮಗು ಎಡಗಾಲು ಮುಂದಿಡಬೇಕಾದಲ್ಲಿ ಬಲಗಾಲು ಇಟ್ಟರೆ ಬಾಯಲ್ಲಿ ಹೇಳುತ್ತಿರಲಿಲ್ಲ, ಎದುರು ನಿಂತು ತಾನೇ ಕಾಲು ಬದಲಾಯಿಸಿ ತೋರಿಸುತ್ತಿದ್ದಳು. ಕೊನೆಗೆ ನಮ್ಮ ಹುಡುಗಿಯ ಮುಂದೆ ಒಂದು ಹಲಗೆ ಹಿಡಿದರು. ಇವಳು "ಹಾ" ಅಂತ ಕೂಗಿ ಒದ್ದಳು. ಹಲಗೆ ಎರಡು ಹೋಳು! ತೆಳ್ಳಗಿನ ಮರ, ನಡುವೆ ಮೊದಲೇ ಗೆರೆ ಎಳೆದದ್ದು, ಅದು ಆಮೇಲೆ ಗೊತ್ತಾದದ್ದು. ಆ ಹೊತ್ತಿಗೆ ಅವಳ ಮುಖ ನೋಡಬೇಕಿತ್ತು ನೀವು. ಒಡೆದ ಹೋಳು ಎರಡನ್ನೂ ಎದೆಗೆ ಅವುಚಿಕೊಂಡು ಬಂದಳು. ಆ ಮುಖ ನೋಡಿದ ಮೇಲೆ ಯಾವ ಅಜ್ಜ "ಮನೆಗೆ ಹೋಗಿ ಯೋಚಿಸೋಣ" ಅನ್ನುತ್ತಾನೆ ಹೇಳಿ.

ಅವರಿಗೂ ಅದು ಗೊತ್ತು. ಹಲಗೆ ಒಡೆದ ಮೂರನೇ ನಿಮಿಷಕ್ಕೆ ನಾನು ಕೌಂಟರಿನಲ್ಲಿದ್ದೆ. ಅಲ್ಲಿ ಕೂತಿದ್ದವನು ಕೌನ್ಸೆಲರ್ ಅಂತೆ. ಕಾಗದ ಇಲ್ಲ, ಟ್ಯಾಬು. "ಅಂಕಲ್, ಬ್ಲ್ಯಾಕ್ ಬೆಲ್ಟ್ ಪ್ಯಾಕೇಜು, 36 ತಿಂಗಳು, 1,08,000. ಇವತ್ತು ಸೇರಿದರೆ 72,000. ನಾಳೆ ಈ ರೇಟಿಲ್ಲ." ನಾನು ತಿಂಗಳಿಗೆ ಎಷ್ಟು ಅಂತ ಕೇಳಿದೆ. "ತಿಂಗಳ ಲೆಕ್ಕ ನಮ್ಮಲ್ಲಿಲ್ಲ ಅಂಕಲ್, ಮಕ್ಕಳಿಗೆ ಕಮಿಟ್‌ಮೆಂಟ್ ಬರೋದಿಲ್ಲ." ಕಮಿಟ್‌ಮೆಂಟ್ ಮಗುವಿಗೆ, ಸಹಿ ನನಗೆ! 72,000 ಒಟ್ಟಿಗೆ ಇಲ್ಲ ಅಂದೆ. ಅವನು ನಕ್ಕ. "ನೋ ಕಾಸ್ಟ್ ಇಎಂಐ ಇದೆಯಲ್ಲ, ತಿಂಗಳಿಗೆ 6,000, ಹನ್ನೆರಡು ತಿಂಗಳು, ಸೊನ್ನೆ ಬಡ್ಡಿ."

ಸೊನ್ನೆ ಬಡ್ಡಿ. ನಾನು ಅಂಥ ಮಾತು ಕೇಳಿ ನಗಬೇಕಾದವನು. 2013ರಲ್ಲೇ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು, ಸೊನ್ನೆ ಬಡ್ಡಿ ಅನ್ನುವ ವಸ್ತುವೇ ಇಲ್ಲ ಅಂತ. ಆ ಸುತ್ತೋಲೆಯನ್ನು ನಮ್ಮ ಶಾಖೆಯಲ್ಲಿ ಓದಿ ಹೇಳಿದವನು ನಾನೇ. ಬಡ್ಡಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಬೆಲೆಯೊಳಗೆ ಅಡಗಿ ಕೂತಿರುತ್ತದೆ. ಅಷ್ಟೆಲ್ಲ ಗೊತ್ತಿದ್ದವನು ಏನು ಮಾಡಿದೆ? ಟ್ಯಾಬಿನಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು, ಕನ್ನಡಕ ಮುಲುಂಡಿನ ಟಿವಿಯ ಮೇಲಿತ್ತು. ಬೆರಳಲ್ಲಿ ಸಹಿ ಗೀಚಿದೆ. ಓಟಿಪಿ ಬಂತು, ಅದನ್ನೂ ಓದಲಾಗಲಿಲ್ಲ. ಮೊಮ್ಮಗಳೇ ಓದಿ ಹೇಳಿದಳು.

ಮೂರನೇ ಸಾಲಿನಲ್ಲಿ ಯಾರೋ ಜೋರಾಗಿ ನಗುತ್ತಿದ್ದಾರೆ. ನಗಿ. ನನ್ನ ಹೆಂಡತಿ ಎರಡು ವರ್ಷದಿಂದ ನಗುತ್ತಿದ್ದಾಳೆ.

ಮುಂದಿನದು ಬೇಗ ಹೇಳುತ್ತೇನೆ. ಯೂನಿಫಾರ್ಮ್ ಬೇರೆ, 3,500, ಅವರ ಹತ್ತಿರವೇ ಕೊಳ್ಳಬೇಕು. ಬೆಲ್ಟ್ ಪರೀಕ್ಷೆ ಬೇರೆ, ಮೂರು ತಿಂಗಳಿಗೊಮ್ಮೆ, ಸಲಕ್ಕೆ 2,500. ಜುಲೈ ಮಳೆಗೆ ಎರಡು ವಾರ ಹೋಗಲಾಗಲಿಲ್ಲ, ಆ ದಿನಗಳನ್ನು ಮುಂದಕ್ಕೆ ಹಾಕಿ ಅಂದರೆ ಅದಕ್ಕೂ ಒಂದು ಫೀಸು. ಆಗಸ್ಟಿನಲ್ಲಿ ಮಣಿಪುರದ ಹುಡುಗಿ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಹನ್ನೆರಡನೇ ಕ್ಲಾಸಿನ ಹುಡುಗನೊಬ್ಬ ಬಂದ. ಒಂದು ದಿನ ಎಣಿಸಿದೆ, ಅವನ ಎದುರು 34 ಮಕ್ಕಳು. ನನ್ನ ಸರ್ವಿಸಿನ ವರ್ಷಗಳಷ್ಟೇ, ಹಾಗಾಗಿ ಮರೆಯುವುದಿಲ್ಲ. ಅವನ ಕಣ್ಣು ಅರ್ಧ ಮೊಬೈಲಿನಲ್ಲಿ. ಸೆಪ್ಟೆಂಬರಿನಲ್ಲಿ ಇವಳು "ಅಜ್ಜ, ನಾನು ಹೋಗಲ್ಲ" ಅಂದಳು. ಅದು ಸರಿಯೇ ಅಂತ ನನಗೂ ಅನಿಸಿತು. ದುಡ್ಡು ವಾಪಸ್ ಕೇಳಿದರೆ ಹನ್ನೊಂದನೇ ಷರತ್ತು ತೋರಿಸಿದರು. ಕಟ್ಟಿದ ದುಡ್ಡು ಯಾವ ಕಾರಣಕ್ಕೂ ವಾಪಸ್ ಇಲ್ಲ.

ಸರಿ, ಕಂತು ನಿಲ್ಲಿಸಿದೆ. ಆಗ ಗೊತ್ತಾದದ್ದು, ನಾನು ಕಂತು ಕಟ್ಟುತ್ತಿದ್ದುದು ಕ್ಲಾಸಿಗಲ್ಲ. ಕ್ಲಾಸಿನವರಿಗೆ ದುಡ್ಡು ಏಪ್ರಿಲ್‌ನಲ್ಲೇ ಸಂದಾಯವಾಗಿತ್ತು. ಕೊಟ್ಟವರು ಒಂದು ಫೈನಾನ್ಸ್ ಕಂಪನಿ. ಸಾಲ ಇರುವುದು ನನ್ನ ಹೆಸರಲ್ಲಿ. ಕ್ಲಾಸು ಬಾಗಿಲು ಹಾಕಿದರೂ, ಮಾಲ್ ಸುಟ್ಟುಹೋದರೂ, ಕಂತು ನಾನೇ ಕಟ್ಟಬೇಕು. ಒಂದು ಮಧ್ಯಾಹ್ನ ಫೋನು ಬಂತು. "ಸರ್, ನಿಮ್ಮ ಕಂತು ಬೌನ್ಸ್ ಆಗಿದೆ, ಸಿಬಿಲ್ ಹಾಳಾಗುತ್ತದೆ." ಸಿಬಿಲ್ ಅಂದರೆ ಸಾಲ ಸರಿಯಾಗಿ ಕಟ್ಟಿದ್ದೇವಾ ಅನ್ನುವುದರ ಅಂಕ. ಇಷ್ಟು ವರ್ಷ ನಾನು ಯಾರ್ಯಾರಿಗೋ ಮಾಡಿದ ಫೋನು. ದನಿ ಕೂಡ ಹಾಗೇ, ಗೌರವ ಮೇಲೆ, ಬೆದರಿಕೆ ಕೆಳಗೆ. ಕುರ್ಚಿಯಲ್ಲಿ ಕೂತುಬಿಟ್ಟೆ.

ಕೊನೆಗೆ ಏನಾಯಿತು? ಕಂತು ಮತ್ತೆ ಶುರು ಮಾಡಿದೆ, ಜೊತೆಗೆ ಕ್ಲಾಸಿನವರ ಬೆನ್ನು ಹತ್ತಿದೆ. ನಾಲ್ಕು ತಿಂಗಳು ಪತ್ರ, ಫೋನು, ಜಗಳ. 38,000 ವಾಪಸ್ ಬಂತು. ಉಳಿದ 34,000 ಹೋಯಿತು. ಅದರಲ್ಲಿ ಮಗು ಐದು ತಿಂಗಳು ಕಲಿತದ್ದು, ಅವರದೇ ಲೆಕ್ಕದಲ್ಲಿ ತಿಂಗಳಿಗೆ 2,000, ಅಂದರೆ 10,000. ಮಿಕ್ಕ 24,000 ಕನ್ನಡಕ ಮನೆಯಲ್ಲಿ ಬಿಟ್ಟದ್ದಕ್ಕೆ.

ಇದರಿಂದ ನಾನು ಕಲಿತದ್ದು ಒಂದೇ ಮಾತು. ಇವತ್ತು ಹತ್ತು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ತಿಂಗಳ ದುಡ್ಡು ತಿಂಗಳಿಗೆ.

ಹಾಲಿನವನಿಗೆ ಹೇಗೆ ಕೊಡುತ್ತೀರಿ? ತಿಂಗಳ ಕೊನೆಗೆ, ಖಾಡಾ ಕಳೆದು, ಅಂದರೆ ಬಾರದ ದಿನಗಳನ್ನು ಬಿಟ್ಟು. ಊರಿಗೆ ಹೋದ ಎಂಟು ದಿನ ಖಾಡಾ. ಕೆಲಸದವಳಿಗೂ ಖಾಡಾ, ಪೇಪರಿನವನಿಗೂ ಖಾಡಾ. ಈ ಮರಾಠಿ ಪದಕ್ಕೆ ಕನ್ನಡದಲ್ಲಿ ಇಷ್ಟು ಚೊಕ್ಕ ಪದ ನನಗೆ ಸಿಕ್ಕಿಲ್ಲ, ಹಾಗಾಗಿ ನಮ್ಮದೇ ಮಾಡಿಕೊಂಡಿದ್ದೇವೆ. ನಮ್ಮವರು ಈ ಊರಿನಲ್ಲಿ ಎಷ್ಟು ಹೋಟೆಲು ನಡೆಸಿದ್ದಾರೆ! ಯಾವ ಉಡುಪಿ ಹೋಟೆಲಿನಲ್ಲಾದರೂ ಮೂರು ವರ್ಷದ ಇಡ್ಲಿಯ ದುಡ್ಡು ಮುಂಗಡ ಕೇಳಿದ್ದಾರಾ? ಕೇಳಿದ್ದರೆ ಇಡ್ಲಿ ಹೇಗಿರುತ್ತಿತ್ತು ಅಂತ ಯೋಚಿಸಿ. ನಾಳೆಯೂ ನೀವು ಬರಬೇಕು ಅನ್ನುವ ಭಯ ಇರುವುದಕ್ಕೇ ಇವತ್ತಿನ ಸಾಂಬಾರು ಚೆನ್ನಾಗಿರುವುದು. ಕಲಿಸುವವನಿಗೂ ಅದೇ ಭಯ ಇರಲಿ. ಒಂದನೇ ತಾರೀಖು ಬಂದರೆ ಅವನೂ ಸ್ವಲ್ಪ ನೆಟ್ಟಗೆ ನಿಲ್ಲಲಿ.

ಗರಡಿಮನೆಯ ನೆನಪಾಗುತ್ತದೆ. ನಮ್ಮ ತುಳುನಾಡಿನಲ್ಲಿ ಗರಡಿ ಅಂದರೆ ಅವಳಿ ವೀರರಾದ ಕೋಟಿ ಚೆನ್ನಯರ ಗುಡಿ, ಜೊತೆಗೆ ಸಾಧನೆಯ ಜಾಗ. ಈ ಮಹಾರಾಷ್ಟ್ರದಲ್ಲಿ ತಾಲೀಮು, ವ್ಯಾಯಾಮಶಾಲೆ. ದಾದರಿನ ಕಡೆ ಹೋದರೆ ಮಲ್ಲಕಂಬ ಹತ್ತುವ ಮಕ್ಕಳು ಈಗಲೂ ಕಾಣಸಿಗುತ್ತಾರೆ. ಕೋಟಿ ಚೆನ್ನಯರಿಗೆ ಯಾರೂ 36 ತಿಂಗಳ ಪ್ಯಾಕೇಜು ಮಾರಲಿಲ್ಲ. ದ್ರೋಣರು ಕೂಡ ದಕ್ಷಿಣೆ ಕೇಳಿದ್ದು ಕಲಿಸಿದ ಮೇಲೆ. ಏಕಲವ್ಯನ ವಿಷಯ ಮಾತ್ರ ಬೇರೆ. ಅಲ್ಲಿ ಒಂದು ದಿನವೂ ಕಲಿಸದೆ ಹೆಬ್ಬೆರಳು ವಸೂಲಿ. ನನ್ನ ಕ್ಲಾಸಿನವರು ದ್ರೋಣರಿಂದ ಹಿಡಿದುಕೊಂಡದ್ದು ಆ ಒಂದು ಪಾಠವನ್ನೇ ಅಂತ ಕಾಣುತ್ತದೆ. ನಾನೂ ಬೆರಳೇ ಕೊಟ್ಟು ಬಂದೆ, ಟ್ಯಾಬಿನ ಮೇಲೆ. ಇದನ್ನು ಆಮೇಲೆ ತಾಳಮದ್ದಳೆಯವರು ಬಳಸಿಕೊಳ್ಳಬಹುದು, ದುಡ್ಡು ಕೇಳುವುದಿಲ್ಲ.

ಈಗ ಬೆಲ್ಟಿನ ವಿಷಯ. ಪೂರ್ತಿ ವ್ಯಾಪಾರ ನಿಂತಿರುವುದೇ ಆ ಬಟ್ಟೆ ಪಟ್ಟಿಯ ಮೇಲೆ.

ಜೂಡೋ ಕಟ್ಟಿದ ಕಾನೋ ಜಿಗೊರೊ 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಶುರು ಮಾಡಿದರು. ಕಪ್ಪು ಬೆಲ್ಟು ಬಂದದ್ದು ಅಲ್ಲಿಂದ. ಕರಾಟೆ ಓಕಿನಾವಾ ದ್ವೀಪದ್ದು. ಫುನಾಕೋಶಿ ಗಿಚಿನ್ ಅನ್ನುವ ಮೇಷ್ಟ್ರು, ಹೌದು, ಅವರು ಶಾಲೆಯ ಮೇಷ್ಟ್ರೇ, 1922ರಲ್ಲಿ ಟೋಕಿಯೋಗೆ ಬಂದು ಅದನ್ನು ತೋರಿಸಿದರು. ಆಮೇಲೆ 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಕಪ್ಪು ಬೆಲ್ಟು ಕೊಟ್ಟರು. ಅಂದರೆ ಕರಾಟೆಯ ಬೆಲ್ಟು ಜೂಡೋದಿಂದ ತಂದ ಸಾಲ. ಸಾಲದ ವಿಭಾಗದವನು, ನನಗೆ ಇಂಥವು ಬೇಗ ಕಾಣುತ್ತವೆ. ಮೊದಲ ಕಪ್ಪು ಬೆಲ್ಟಿಗೆ ಶೋದಾನ್ ಅನ್ನುತ್ತಾರೆ. ಶೋ ಅಂದರೆ ಆರಂಭ. ಅಕ್ಷರ ಕಲಿತ, ಇನ್ನು ಓದಲು ಶುರು ಮಾಡು ಅಂತ. ಈ ಆರಂಭವನ್ನೇ "ಮೂರು ವರ್ಷಕ್ಕೆ ಗ್ಯಾರಂಟಿ" ಅಂತ ಮಾರಿದರೆ, ಬಾಲವಾಡಿಗೆ ಸೇರಿಸುವಾಗಲೇ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಕೊಟ್ಟ ಹಾಗೆ. ಪರೀಕ್ಷೆಯ ದಿನ ಮಗು ತಪ್ಪಿದರೆ ಏನು ಮಾಡುತ್ತೀರಿ ಅಂತ ಕೇಳಿ. "ನಮ್ಮಲ್ಲಿ ಯಾರೂ ಫೇಲ್ ಆಗೋದಿಲ್ಲ" ಅಂದರೆ ಎದ್ದು ಬನ್ನಿ.

ಕೊರಿಯಾದ ಟೇಕ್ವಾಂಡೊದವರು ಇದನ್ನು ಸ್ವಲ್ಪ ನೇರವಾಗಿ ಇಟ್ಟಿದ್ದಾರೆ. ಸೋಲ್‌ನ ಕುಕ್ಕಿವಾನ್ ಸಂಸ್ಥೆ 15 ತುಂಬದ ಮಕ್ಕಳಿಗೆ ಡಾನ್ ಅನ್ನುವ ಕಪ್ಪು ಬೆಲ್ಟಿನ ದರ್ಜೆಯ ಬದಲು ಪೂಮ್ ಅಂತ ಕೊಡುತ್ತದೆ, ಅರ್ಧ ಕೆಂಪು ಅರ್ಧ ಕಪ್ಪು ಬೆಲ್ಟು. ಕ್ಲಾಸಿನವರು ಕುಕ್ಕಿವಾನ್ ಸರ್ಟಿಫಿಕೇಟ್ ಕೊಡುತ್ತೇವೆ ಅಂದರೆ ಹಳೆಯ ವಿದ್ಯಾರ್ಥಿಯ ಒಂದು ಸರ್ಟಿಫಿಕೇಟ್ ನೋಡಿ. ಬರೀ ಕ್ಲಾಸಿನವರೇ ಕಂಪ್ಯೂಟರಿನಲ್ಲಿ ಅಚ್ಚು ಹಾಕಿದ್ದಾದರೆ ಅದಕ್ಕೆ ಇಷ್ಟೊಂದು ಪರೀಕ್ಷೆ ಫೀಸು ಯಾಕೆ?

ನಿನ್ನೆಯ ಚೀಟಿಯಲ್ಲಿ ಇನ್ನೊಂದು ತಮಾಷೆ ಇದೆ, ಇಲ್ಲೇ ಜೇಬಿನಲ್ಲಿದೆ. "ಕರಾಟೆ ಕಲಿಯಿರಿ, 2028ರ ಒಲಿಂಪಿಕ್ಸ್ ಕನಸು ಕಾಣಿರಿ." ಕರಾಟೆ ಒಲಿಂಪಿಕ್ಸಿನಲ್ಲಿ ಇದ್ದದ್ದು ಟೋಕಿಯೋದಲ್ಲಿ ಮಾತ್ರ, ಕೊರೋನಾದಿಂದ 2021ಕ್ಕೆ ಹೋಯಿತಲ್ಲ, ಅದರಲ್ಲಿ. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. 2028ರ ಲಾಸ್ ಏಂಜಲೀಸ್‌ನಲ್ಲೂ ಇಲ್ಲ. ಜೂಡೋ 1964ರಲ್ಲಿ ಬಂತು, ಟೇಕ್ವಾಂಡೊ 2000ದಿಂದ ಪದಕದ ಆಟ. ಕನಸು ಕಾಣಲಿ ಬಿಡಿ, ಆದರೆ ಕನಸಿಗೂ ವಿಳಾಸ ಸರಿ ಇರಬೇಕಲ್ವಾ? ಹಾಗೇ ಹತ್ತು, ಹನ್ನೆರಡನೇ ಕ್ಲಾಸಿನ ಗ್ರೇಸ್ ಮಾರ್ಕ್ಸ್ ಆಸೆ ತೋರಿಸುತ್ತಾರೆ. ಇಲ್ಲಿ ಮಹಾರಾಷ್ಟ್ರದಲ್ಲಿ ಅದು ಇರುವುದು ನಿಜ. ಆದರೆ ಗೆದ್ದ ಎಲ್ಲ ಟ್ರೋಫಿಗೂ ಅಲ್ಲ, ಮಾನ್ಯತೆ ಇರುವ ಆಟ, ಮಾನ್ಯತೆ ಇರುವ ಸ್ಪರ್ಧೆ ಆಗಬೇಕು. ಜಿಲ್ಲಾ ಕ್ರೀಡಾ ಅಧಿಕಾರಿ ಕಚೇರಿಯಲ್ಲಿ ಕೇಳಿ. ಕೌಂಟರಿನವನನ್ನು ಕೇಳಬೇಡಿ.

(ಅಧ್ಯಕ್ಷರು ಚೀಟಿ ಕೊಟ್ಟರು. ಹದಿನೈದು ನಿಮಿಷ ಅಂತೆ.)

ಆಯಿತು. ಕ್ಲಾಸು ಆರಿಸುವುದು ಹೇಗೆ? ನನ್ನ ಉಪಾಯ ಒಂದೇ, ಚಪ್ಪಲಿ ಎಣಿಸಿ.

ನಗಬೇಡಿ. ಹೋದ ಮೇ ತಿಂಗಳಲ್ಲಿ ಬಾಗಿಲ ಹೊರಗೆ ಎಷ್ಟು ಜೊತೆ ಚಪ್ಪಲಿ ಇದ್ದವು, ಆಗಸ್ಟಿನಲ್ಲಿ ಎಷ್ಟು? ಇದು ಯಾರಿಗೆ ಗೊತ್ತಿರುತ್ತದೆ ಹೇಳಿ. ಕಟ್ಟಡದ ವಾಚ್‌ಮನ್‌ಗೆ. ಅವನಿಗೆ ಒಂದು ಚಹಾ ಕುಡಿಸಿ. ನಾನು ಎರಡನೇ ಸಲ ಹುಡುಕುವಾಗ ಮಾಡಿದ್ದು ಅದನ್ನೇ. ಒಂದು ಕಡೆ ವಾಚ್‌ಮನ್ ಹೇಳಿದ, "ಮೇನಲ್ಲಿ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ, ಗಣಪತಿ ಹೊತ್ತಿಗೆ ಹತ್ತು ಹನ್ನೆರಡು." ಇನ್ನೊಂದು ಕಡೆ, "ಯಾವಾಗಲೂ ಇಪ್ಪತ್ತು ಇಪ್ಪತ್ತೈದು, ಮಳೆಯಲ್ಲೂ." ಯಾವ ಕ್ಲಾಸಿಗೆ ಸೇರಿಸಿದೆ ಅಂತ ಹೇಳಬೇಕಿಲ್ಲ. ಪೂರ್ತಿ ದುಡ್ಡು ಮೊದಲೇ ತೆಗೆದುಕೊಳ್ಳುವ ಕ್ಲಾಸಿಗೆ, ಬರದೆ ಉಳಿಯುವ ಮಕ್ಕಳಿಂದಲೇ ಲಾಭ. ಅಷ್ಟೂ ಮಕ್ಕಳು ಒಂದೇ ದಿನ ಬಂದರೆ ನಿಲ್ಲಿಸಲು ಅವರ ಹತ್ತಿರ ನೆಲವೇ ಇಲ್ಲ! ತಿಂಗಳ ದುಡ್ಡಿನವನಿಗೆ ಮಗು ಬಂದರೇ ಲಾಭ. ನಾನು ಹೇಳುವುದು ಇಷ್ಟೇ, ತಿಂಗಳ ದುಡ್ಡು ತಿಂಗಳಿಗೆ.

ಡೆಮೋ ದಿನ ಹೋಗಬೇಡಿ. ಯಾವುದೋ ಬುಧವಾರ ಹೇಳದೆ ಹೋಗಿ, ಒಂದು ಗಂಟೆ ಕೂತು ನೋಡಿ. ಹೆತ್ತವರು ನೋಡಬಾರದು ಅನ್ನುವ ಕ್ಲಾಸು ಬೇಡವೇ ಬೇಡ, ಅದರಲ್ಲಿ ಮಾತೇ ಇಲ್ಲ. ಪೋಸ್ಟರಿನಲ್ಲಿರುವ ಗುರು ಕಲಿಸುತ್ತಿದ್ದಾನಾ, ಅವನ ಶಿಷ್ಯನ ಶಿಷ್ಯನಾ? ನೆಲದಲ್ಲಿ ಮ್ಯಾಟು ಇದೆಯಾ, ಟೈಲ್ಸಾ? ಮಕ್ಕಳನ್ನು ಹೊಡೆದಾಟಕ್ಕೆ ಬಿಡುವಾಗ ಹಲ್ಲಿನ ಗಾರ್ಡು, ಮೊಳಕಾಲ ಕೆಳಗಿನ ಗಾರ್ಡು ಹಾಕಿಸುತ್ತಾರಾ? ಪೆಟ್ಟು ತಿಂದು ಅತ್ತ ಮಗುವಿಗೆ ಏನು ಹೇಳುತ್ತಾರೆ? "ಹುಡುಗಿ ಹಾಗೆ ಅಳ್ತೀಯಾ" ಅಂದರೆ ಅಲ್ಲಿಂದ ಹೊರಡಿ, ಗಂಡು ಮಗುವಾದರೂ ಸರಿ. ಹೆಣ್ಣುಮಕ್ಕಳ ಕೈ ಕಾಲು ಹಿಡಿದು ತಿದ್ದುವಾಗ ಹೇಗೆ ಹಿಡಿಯುತ್ತಾರೆ, ಕೇಳಿ ಹಿಡಿಯುತ್ತಾರಾ? ಇದನ್ನು ನಮ್ಮ ಹೆಂಗಸರು ಐದು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ, ನಾವು ಗಂಡಸರು ಟ್ರೋಫಿ ಎಣಿಸುತ್ತಾ ಕೂರುತ್ತೇವೆ.

ಮೊಮ್ಮಗಳು ಈಗ ಜೂಡೋಗೆ ಹೋಗುತ್ತಾಳೆ, ಒಂದು ಸೊಸೈಟಿಯ ಹಾಲ್‌ನಲ್ಲಿ. ತಿಂಗಳಿಗೆ 1,200. ಮೊದಲ ಎರಡು ತಿಂಗಳು ಅವರು ಕಲಿಸಿದ್ದು ಬೀಳುವುದನ್ನು. ಸುಮ್ನೆ ಬೀಳುವುದು! ಹಿಂದಕ್ಕೆ, ಪಕ್ಕಕ್ಕೆ, ಉರುಳಿಕೊಂಡು ಮುಂದಕ್ಕೆ. ಬಿದ್ದ ಕ್ಷಣ ತೋಳಿನಿಂದ ಮ್ಯಾಟಿಗೆ ಚಪ್ ಅಂತ ಬಡಿಯಬೇಕು, ಗದ್ದ ಎದೆಗೆ ಅಂಟಿಸಬೇಕು. ಇಪ್ಪತ್ತು ಮಕ್ಕಳು ಒಟ್ಟಿಗೆ ಬಿದ್ದರೆ ಆ ಶಬ್ದ ದೋಬಿಘಾಟಿನ ಹಾಗೆ. ಮಗಳಿಗೆ ತಾಳ್ಮೆ ತಪ್ಪಿತು. "ಅಪ್ಪ, ಬೀಳೋದಕ್ಕೆ 1,200 ಯಾಕೆ, ಮನೆಯಲ್ಲೇ ಬೀಳ್ತಾಳೆ" ಅಂದಳು. ಹೋದ ಮಳೆಗಾಲ ಸೊಸೈಟಿಯ ಇಳಿಜಾರಿನಲ್ಲಿ ಇವಳ ಸೈಕಲ್ ಜಾರಿತು. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಕೈ ಊರಲಿಲ್ಲ, ಭುಜದ ಮೇಲೆ ಉರುಳಿ ಎದ್ದು ನಿಂತಳು. ಮೊದಲು ನೋಡಿದ್ದು ಸೈಕಲ್ಲಿನ ಬೆಲ್ಲು ಮುರಿದಿದೆಯಾ ಅಂತ. ನನಗೆ ಆ ದಿನ 72,000 ಮರೆತುಹೋಯಿತು. ಸಂಜೆಗೆ ಮತ್ತೆ ನೆನಪಾಯಿತು.

ಮೂರನೇ ಸಾಲಿನಲ್ಲಿ ಕೈ ಎತ್ತಿದ್ದಾರೆ. ಆಗ ನಕ್ಕವರೂ ಇವರೇ ಇರಬೇಕು. ಹೇಳಿ ಸೆನ್ಸೈ. ಇವರು ಭಾಂಡುಪ್‌ನಲ್ಲಿ ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದಾರೆ, ಗೊತ್ತಿಲ್ಲದವರಿಗೆ ಹೇಳಿದೆ. ಏನಂತೀರಿ? ಹಾಂ. ಹಾಲ್ ಬಾಡಿಗೆ ಅವರು ಮೂರು ತಿಂಗಳದ್ದು ಮುಂಗಡ ಕಟ್ಟಬೇಕಂತೆ. ಮಕ್ಕಳು ಮೇನಲ್ಲಿ ಬಂದು ಜೂನ್‌ನಲ್ಲಿ ಮಾಯವಾದರೆ ಮಳೆಗಾಲದ ಬಾಡಿಗೆಯನ್ನು ನಮ್ಮಪ್ಪ ಕೊಡ್ತಾನಾ ಅಂತ ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ಈ ಮುಂಬಯಿಯಲ್ಲಿ ನೆಲಕ್ಕಿರುವ ಬೆಲೆ ಮನುಷ್ಯನಿಗಿಲ್ಲ. ಸರಿ, ನಾನು ಒಂದು ಹೆಜ್ಜೆ ಹಿಂದೆ ಬರುತ್ತೇನೆ, ಮೂರು ತಿಂಗಳವರೆಗೆ ಒಪ್ಪಿಗೆ. ಅದಕ್ಕಿಂತ ಮುಂದಕ್ಕೆ ಇಲ್ಲ. ರಸೀದಿ ಕೊಡಿ. ಕೊಡುತ್ತೀರಾ? ಕೊಡುತ್ತಾರಂತೆ. ಇವರ ಚಪ್ಪಲಿ ಎಣಿಸಿದ್ದೇನೆ, ಪರವಾಗಿಲ್ಲ.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ನಾನು ವಕೀಲನಲ್ಲ, ಜಗಳ ಮಾಡಿ ಗೊತ್ತಾದದ್ದನ್ನು ಹೇಳುತ್ತೇನೆ.

"ವಾಪಸ್ ಇಲ್ಲ" ಅಂತ ಅಚ್ಚು ಹಾಕಿದ ಮಾತ್ರಕ್ಕೆ ಅದು ಬ್ರಹ್ಮಲಿಖಿತ ಅಲ್ಲ. ಗ್ರಾಹಕ ರಕ್ಷಣಾ ಕಾಯ್ದೆ 2019ರದ್ದು, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಅದರಲ್ಲಿ ಅನ್ಯಾಯದ ಕರಾರು ಅಂತಲೇ ಒಂದು ವಿವರಣೆ ಇದೆ. ಆದ ನಷ್ಟಕ್ಕೂ ಹಾಕುವ ದಂಡಕ್ಕೂ ಸಂಬಂಧವೇ ಇಲ್ಲದಿದ್ದರೆ ಅದೂ ಅದರೊಳಗೆ ಬರುತ್ತದೆ. ಬಿಲ್ಲು ಕೊಡದಿರುವುದು ತಪ್ಪು. ಕೊರತೆ ಇರುವ ಸೇವೆ ಕೊಟ್ಟು ದುಡ್ಡು ವಾಪಸ್ ಕೊಡದಿರುವುದೂ ತಪ್ಪು. ಅದಕ್ಕೂ ಹಳೆಯದು 1872ರ ಕರಾರು ಕಾಯ್ದೆ. ಕರಾರಿನಲ್ಲಿ ಎಷ್ಟೇ ದಂಡ ಬರೆದಿರಲಿ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ ಅನ್ನುತ್ತದೆ ಅದರ 74ನೇ ಕಲಂ. ಇದನ್ನೇ ನಾನು ಪತ್ರದಲ್ಲಿ ಬರೆದದ್ದು. ಎರಡನೇ ಪತ್ರದಲ್ಲಿ ಮಕ್ಕಳ ಸಂಖ್ಯೆ, ಕಲಿಸುವವರು ಬದಲಾದ ತಾರೀಖು ಎಲ್ಲ ಹಾಕಿದೆ. ಆಮೇಲೆ ಅವರ ದನಿ ಬದಲಾಯಿತು. ಬಾಯಿಮಾತಿನಲ್ಲಿ ಮುಗಿಸಬೇಡಿ, ಬರೆದು ಕೊಡಿ, ಅವರಿಂದ ಬಂದದ್ದೆಲ್ಲ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ, ಐದು ಲಕ್ಷದವರೆಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು.

(ಐದು ನಿಮಿಷ ಅಂತೆ. ಒಳಗೆ ಮದ್ದಳೆ ಶ್ರುತಿ ಮಾಡುತ್ತಿದ್ದಾರೆ, ಕೇಳಿಸುತ್ತಿದೆ.)

ಇಎಂಐ. ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ, ಸಾಲ ಕೊಡುವವರು ಯಾರು. ಹೆಸರು ಹೇಳಲು ತಡವರಿಸಿದರೆ ಎದ್ದು ಬನ್ನಿ. ಆ್ಯಪಿನಲ್ಲಿ ಸಾಲ ಕೊಡುವವರು ಮುಖ್ಯ ವಿವರಗಳ ಒಂದು ಹಾಳೆ ಕೊಡಲೇಬೇಕು, ಕೆಎಫ್‌ಎಸ್ ಅಂತಾರೆ, ರಿಸರ್ವ್ ಬ್ಯಾಂಕಿನ ನಿಯಮ. ಮನಸ್ಸು ಬದಲಾದರೆ ದಂಡವಿಲ್ಲದೆ ಸಾಲದಿಂದ ಹೊರಬರಲು ಎಷ್ಟು ದಿನ ಇದೆ ಅಂತ ಅದರಲ್ಲಿ ಬರೆದಿರುತ್ತದೆ. ಆ ದಿನಗಳ ಒಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ಬಿಡಿಸಿಕೊಳ್ಳಬಹುದು. ನನಗೂ ಇತ್ತು ಆ ಅವಕಾಶ. ಹಾಳೆ ಮೇಲ್‌ಗೆ ಬಂದಿತ್ತು. ನಾನು ತೆರೆದು ನೋಡಿದ್ದು ಸೆಪ್ಟೆಂಬರಿನಲ್ಲಿ.

ಯುಪಿಐ ಆಟೋಪೇ, ಅಂದರೆ ಖಾತೆಯಿಂದ ತಾನಾಗಿ ಕಟ್ಟಿಹೋಗುವ ದುಡ್ಡು, ಬೇರೆ, ಅದನ್ನು ನಿಮ್ಮ ಫೋನಿನಲ್ಲೇ ರದ್ದು ಮಾಡಬಹುದು. ಸಾಲದ ಕಂತು ಹಾಗಲ್ಲ. ನಿಲ್ಲಿಸಿದರೆ ಬೌನ್ಸ್, ಆಮೇಲೆ ಆ ಫೋನು ಬರುತ್ತದೆ. ಫೈನಾನ್ಸಿನವರ ಮೇಲೆ ದೂರಿದ್ದರೆ ಮೊದಲು ಅವರಿಗೇ ಬರೆಯಿರಿ, ಆಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅನ್ನುವ ದೂರು ಕೇಳುವ ಅಧಿಕಾರಿ, 14448.

ಜೂಡೋನೋ ಕರಾಟೆಯೋ ಟೇಕ್ವಾಂಡೊನೋ ಅಂತಲೂ ಹೇಳಬೇಕು ಅಂದುಕೊಂಡಿದ್ದೆ. ಅರ್ಧ ಪುಟ ಬರೆದುಕೊಂಡು ಬಂದಿದ್ದೇನೆ. ಬಿಡಿ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಯಾವುದಿದೆಯೋ, ಎಲ್ಲಿ ಕಲಿಸುವವರು ಚೆನ್ನಾಗಿದ್ದಾರೋ, ಅದು. ಮಹಿಳೆಯರ ಎರಡು ದಿನದ ಸ್ವರಕ್ಷಣೆ ಶಿಬಿರದ ಬಗ್ಗೆ ನನಗೆ ಒಂದು ಜಗಳವೇ ಇದೆ, ಎರಡು ದಿನದಲ್ಲಿ ಚಕ್ಕುಲಿ ಒತ್ತುವುದೂ ಬರುವುದಿಲ್ಲ. ಅದು ಇನ್ನೊಂದು ಭಾನುವಾರಕ್ಕೆ ಇರಲಿ, ಕರೆದರೆ.

ಆಯಿತು, ಭಾಗವತರು ಬಂದರು. ಅವರ ಮುಖ ನೋಡಿದರೆ ಇನ್ನು ಒಂದು ಮಾತಾಡಿದರೂ ನನ್ನನ್ನೇ ತಾಳಕ್ಕೆ ಕೂರಿಸುತ್ತಾರೆ. ಯಾರಾದರೂ ಈಗಾಗಲೇ ಇಂಥ ಕಾಗದಕ್ಕೆ ಸಹಿ ಹಾಕಿದ್ದರೆ, ಅಥವಾ ನಾಳೆ ಹಾಕುವವರಿದ್ದರೆ, ಫೋನಿನಲ್ಲಿ ಇದ್ದರೂ ಸರಿ, ಮಧ್ಯಂತರದಲ್ಲಿ ಕಾಫಿ ಟೇಬಲ್ ಹತ್ತಿರ ತನ್ನಿ. ಕೂತು ಓದೋಣ. ಇವತ್ತು ಕನ್ನಡಕ ತಂದಿದ್ದೇನೆ.